ಬನ್ನಿಯ ಬೊಡ್ಡೆ

ಮೊದಲ ಏಟಿಗೆ ಕೊಡಲಿ ಹಿಂದಕ್ಕೆ ಚಿಮ್ಮಿ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಎರಡನೆಯ ಏಟಿಗೆ ಅದರ ಬಾಯಿ ಮರದೊಳಗೆ ಕಚ್ಚಿಕೊಂಡು ಕೂತಿತು. ಅಲುಗಿಸಿದರೂ ಬರಲಿಲ್ಲ, ಬೊಡ್ಡೆಯ ಮೇಲೆ ಕಾಲಿಟ್ಟು ಎಳೆದರೂ ಬರಲಿಲ್ಲ. ಹಿತ್ತಲ ಗೋಡೆಯಾಚೆ ಮೂವರು ಹೆಂಗಸರು ಸೊಂಟದ ಮೇಲೆ ಕೊಡ ಇಟ್ಟುಕೊಂಡು ನೋಡುತ್ತ ನಿಂತಿದ್ದರು. ಹೆಂಗಸರು ಕೊಡಲಿ ಹಿಡಿದರೆ ಹೀಗೇ ಆಗುವುದು ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಮೈಯೆಲ್ಲ ಉರಿದುಹೋಯಿತು. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಹತ್ತನೆಯ ವಯಸ್ಸಿನಿಂದ ಕಟ್ಟಿಗೆ ಒಡೆದವಳು ನಾನು. ನನಗೆ ಕೊಡಲಿ ಹಿಡಿಯಲು ಬರುವುದಿಲ್ಲವಂತೆ.

ನಾನು ಘಟ್ಟ ಹತ್ತಿ ಹೋದದ್ದು ನಮ್ಮ ಕಡೆಯವರಿಗೆ ಗೊತ್ತು. ಇನ್ನೂ ಏಕೆ ಇಳಿದು ಬಂದಿಲ್ಲ ಎಂಬುದು ಗೊತ್ತಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಅದನ್ನೇ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೊಂಬತ್ತರ ದಶಕದ ಕೊನೆಗೆ ನನಗೆ ಪ್ರಾಥಮಿಕ ಶಾಲೆಯ ಕೆಲಸ ಸಿಕ್ಕಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಹೊಳಲ್ಕೆರೆಯಿಂದ ಹೊರಕೆರೆದೇವರಪುರದ ಬಸ್ಸು ಹಿಡಿದು, ನಡುವೆ ಇಳಿದು, ಅರ್ಧ ಗಂಟೆ ನಡೆದರೆ ಸಿಗುವ ಊರು. ನಮ್ಮ ಮನೆಗೆ ಸಂಬಳ ಎಂಬುದನ್ನು ತಂದವಳು ನಾನೇ ಮೊದಲು. ಅಮ್ಮ ಮತ್ತು ಇಬ್ಬರು ತಂಗಿಯರು ಅದನ್ನೇ ನೆಚ್ಚಿಕೊಂಡಿದ್ದರು. ಬೆಳಗಿನ ಬಸ್ಸು ಬರುವುದು ಶಾಲೆಯ ಗಂಟೆ ಹೊಡೆದ ಮೇಲೆ, ಹಾಗಾಗಿ ಊರಲ್ಲೇ ಮನೆ ಬೇಕಿತ್ತು. ಒಂಟಿ ಹೆಣ್ಣಿಗೆ ಮನೆ ಕೊಡಲು ಒಪ್ಪಿದವರು ಇಡೀ ಊರಿನಲ್ಲಿ ಒಬ್ಬರೇ, ಎಲ್ಲರೂ ಗೌಡ್ರು ಎಂದು ಕರೆಯುವ ದೊಡ್ಡ ಹಿಡುವಳಿದಾರರು. ಆ ಮನೆ ಹೋದರೆ ಕೆಲಸವೂ ಹೋದ ಹಾಗೆ. ಇದೊಂದು ಮಾತು ನೆನಪಿನಲ್ಲಿರಲಿ.

ನನ್ನ ಹೆಸರಿನಲ್ಲಿ ರೇಷನ್ ಕಾರ್ಡ್ ಇರಲಿಲ್ಲ, ಆದ್ದರಿಂದ ಸೀಮೆಎಣ್ಣೆ ಇಲ್ಲ. ಗ್ಯಾಸಿಗೆ ಹೆಸರು ಬರೆಸಿ ಕಾಯಬೇಕು. ಉಳಿದದ್ದು ಸೌದೆ. ನಾವು ಕಟ್ಟಿಗೆ ಅನ್ನುವುದನ್ನು ಇಲ್ಲಿ ಸೌದೆ ಅನ್ನುತ್ತಾರೆ. ಹೆಸರಷ್ಟೇ ಬೇರೆ ಎಂದುಕೊಂಡಿದ್ದೆ. ನಮ್ಮಲ್ಲಿ ಒಣಗಿದ ಗಾಳಿಮರಕ್ಕೆ, ಅಂದರೆ ಸರ್ವೆ ಮರಕ್ಕೆ, ಒಂದೇಟು ಕೊಟ್ಟರೆ ನೇರವಾಗಿ ಎರಡು ಹೋಳು. ಸಾಲದಿದ್ದರೆ ತೆಂಗಿನ ಮಡಲು, ಸಿಪ್ಪೆ, ಗೆರಟೆ ಏನಾದರೂ ಕಾಲಿಗೆ ಸಿಗುತ್ತದೆ. ಇಲ್ಲಿ ಕಣ್ಣು ಹಾಯಿಸಿದಷ್ಟು ಜಾಲಿ. ತಿರುಚಿಕೊಂಡು ಬೆಳೆದು, ಗೇಣಿಗೊಂದು ಗಂಟು ಕಟ್ಟಿ, ಒಣಗಿದ ಮೇಲೆ ಕಬ್ಬಿಣವಾಗುತ್ತದೆ. ಅದನ್ನು ಒಡೆದು ಒಲೆ ಹಚ್ಚಿ, ಪಕ್ಕದ ಮನೆಯ ಗೌರಮ್ಮ ಹೇಳಿಕೊಟ್ಟಂತೆ ರಾಗಿ ಮುದ್ದೆ ತಿರುವಲು ಕೂತರೆ ಹಿಟ್ಟು ಗಂಟುಗಂಟು. ಒಳಗೂ ಗಂಟು, ಹೊರಗೂ ಗಂಟು. ಗಂಜಿ ಕುಡಿದು ಬೆಳೆದ ಹೊಟ್ಟೆ ರಾತ್ರಿಯೆಲ್ಲ ನನ್ನ ಮೇಲೆ ಮುನಿಸಿಕೊಳ್ಳುತ್ತಿತ್ತು. ಶಾಲೆಯಲ್ಲಿ ನಾನು ನಮ್ಮ ಕಡೆಯ ಮಾತಿನಲ್ಲಿ ಬಾಯಿ ತೆರೆದರೆ ಮಕ್ಕಳು ಮುಖ ಮುಖ ನೋಡಿಕೊಂಡು ನಗುತ್ತಿದ್ದವು.

ಕೊಡಲಿ ಕಚ್ಚಿಕೊಂಡ ದಿನ ಅದನ್ನು ಬಿಡಿಸಿಕೊಟ್ಟವನು ಓಬಜ್ಜ. ಊರಲ್ಲಿ ಮರ ಕೊಯ್ಯುವುದು, ಸೌದೆ ಒಡೆಯುವುದು ಅವನ ಕಸುಬು. ಎಪ್ಪತ್ತರ ಹತ್ತಿರದ ಒಣಕಲು ಮನುಷ್ಯ. ಗೋಡೆಯಾಚೆಯಿಂದ ನೋಡಿ ಒಳಗೆ ಬಂದವನು ನಗಲಿಲ್ಲ, ಕೊಡಲಿ ಕಸಿದುಕೊಂಡು ತಾನೇ ಒಡೆದು ತೋರಿಸಲೂ ಇಲ್ಲ. ಕಾವಿನ ತುದಿಗೆ ಕೆಳಗಿನಿಂದ ಒಂದು ಗುದ್ದು ಕೊಟ್ಟು ಬಾಯಿ ಬಿಡಿಸಿ, ಬೊಡ್ಡೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ.

“ಗಂಟಿನ ಮ್ಯಾಲೆ ಹೊಡಿಬ್ಯಾಡ್ರಿ ಟೀಚರಮ್ಮ. ಎಲ್ಲಿ ಬಿರುಕು ಐತೋ ನೋಡಿ ಅಲ್ಲಿ ಬೆಣೆ ಇಡ್ರಿ. ನೀವು ಸಿಟ್ಟು ಮಾಡಿದ್ರೆ ಮರಾನೂ ಸಿಟ್ಟು ಮಾಡ್ತೈತೆ.”

ಬೆಣೆ ಎಂದರೆ ಅಂಗೈ ಉದ್ದದ ಕಬ್ಬಿಣದ ತುಂಡು, ಒಂದು ತುದಿ ಚೂಪು. ಅದನ್ನು ಬಿರುಕಿನಲ್ಲಿ ನಿಲ್ಲಿಸಿ ದೊಡ್ಡ ಸುತ್ತಿಗೆಯಿಂದ ಬಡಿಯಬೇಕು. ನಡುಮಧ್ಯಕ್ಕೆ ಹೋಗಬಾರದು, ಅಂಚಿನಿಂದ ಸೀಳುತ್ತ ಬರಬೇಕು. ತನ್ನ ಹಳೆಯ ಬೆಣೆಯೊಂದನ್ನು ನನಗೇ ಕೊಟ್ಟ. ಒಂದು ತಿಂಗಳಲ್ಲಿ ನನ್ನ ಅಂಗೈಯ ಗುಳ್ಳೆ ಒಡೆದು ಗಟ್ಟಿಯಾಯಿತು, ಮೂರನೆಯ ಏಟಿಗೆ ಜಾಲಿ ಬಾಯಿ ಬಿಡತೊಡಗಿತು. ಮುದ್ದೆಯೂ ನುಣ್ಣಗಾಯಿತು. ಗೋಡೆಯಾಚೆಯ ಹೆಂಗಸರು ಈಗ ಕೊಡ ಕೆಳಗಿಟ್ಟು ನೋಡುತ್ತಿದ್ದರು. ಆ ಊರಿನಲ್ಲಿ ನಾನು ನಿಜವಾಗಿ ಖುಷಿಪಟ್ಟ ಮೊದಲ ದಿನಗಳು ಅವು.

ಮಳೆಗಾಲದ ಹೊತ್ತಿಗೆ ಗೌಡರು ಒಂದು ಉಪಕಾರ ಮಾಡಿದರು. ಹಿತ್ತಲ ಮೂಲೆಯಲ್ಲಿ ಜಾಲಿ ಮುಳ್ಳಿನ ರಾಶಿಯ ಕೆಳಗೆ ಒಂದು ದೊಡ್ಡ ದಿಮ್ಮಿಯೂ ಕೆಲವು ಕೊಂಬೆಗಳೂ ಬಿದ್ದಿದ್ದವು. ಹೊರಗಿನ ಸೌದೆ ಒದ್ದೆಯಾಗಿರುತ್ತದೆ, ಅದನ್ನೇ ಉರಿಸಿಕೊಳ್ಳಿ, ಬೇಗ ಖಾಲಿ ಮಾಡಿದರೆ ನನಗೂ ಜಾಗವಾಗುತ್ತದೆ ಎಂದರು. ನಾನು ಕೈ ಮುಗಿದೆ. ಆ ಕೈ ಮುಗಿದದ್ದು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ.

ಅದನ್ನು ಒಡೆಯಲು ನೆರವಿಗೆ ಬಾ ಎಂದು ಓಬಜ್ಜನನ್ನು ಕರೆದೆ. ಮುಳ್ಳು ಸರಿಸಿ ನೋಡಿದವನು ಅಲ್ಲೇ ನಿಂತುಬಿಟ್ಟ. ಕಾಲಿನ ಚಪ್ಪಲಿ ಬಿಟ್ಟ. ಏನಾಯಿತು ಎಂದು ಕೇಳಿದೆ.

“ಅದ್ನ ಬಿಟ್ಬಿಡ್ರಿ” ಎಂದ, ಅಷ್ಟೇ. ಏಕೆ ಎಂದು ಕೇಳಿದೆ. ಸೊಂಟ ನೋವು ಎಂದು ಗೊಣಗಿ ಹೊರಟುಹೋದ. ಮುದುಕನಿಗೆ ಮೈಗಳ್ಳತನ ಎಂದುಕೊಂಡೆ. ಸಿಟ್ಟಿಗೇ ಅವತ್ತು ಒಬ್ಬಳೇ ಕೂತು ಕೊಂಬೆಗಳನ್ನೆಲ್ಲ ಸೀಳಿದೆ. ಮುಂದಿನ ವಾರಗಳಲ್ಲಿ ದಿಮ್ಮಿಗೂ ಬೆಣೆ ಇಟ್ಟೆ. ಚೆನ್ನಾಗಿ ಒಣಗಿದ ಮರ, ಕೆಂಡ ಗಂಟೆಗಟ್ಟಲೆ ಆರುತ್ತಿರಲಿಲ್ಲ. ದಸರೆಯ ಹೊತ್ತಿಗೆ ಒಂದು ಬೊಡ್ಡೆ, ಒಲೆಯ ಪಕ್ಕ ಒಂದು ಹೊರೆ ಸೀಳು, ಅಷ್ಟೇ ಉಳಿದಿತ್ತು.

ನಮ್ಮ ಕಡೆ ವಿಜಯದಶಮಿ ಎಂದರೆ ಶಾರದೆಯ ಪೂಜೆ, ಮಕ್ಕಳ ಅಕ್ಷರಾಭ್ಯಾಸ. ಇಲ್ಲಿ ಅಂದು ಸಂಜೆ ಬನ್ನಿ ಮರವನ್ನು ಪೂಜಿಸಿ, ಅದರ ಎಲೆ ತಂದು ಮನೆಮನೆಗೆ ಹಂಚುತ್ತಾರೆ. ಅದನ್ನು ಬಂಗಾರ ಎನ್ನುತ್ತಾರೆ. ಇಡೀ ವರ್ಷ ಮಾತು ಬಿಟ್ಟವರೂ ಅಂದು ಎಲೆ ಕೊಟ್ಟು ಮಾತಾಡುತ್ತಾರಂತೆ. ನನಗೆ ಮೊದಲು ತಂದುಕೊಟ್ಟವಳು ಗೌರಮ್ಮ. “ಬನ್ನಿ ತಗಂಡು ಬಂಗಾರದಂಗಿರಾಣ” ಎಂದು ಅಂಗೈಗೆ ಎಲೆ ಹಾಕಿದಳು. ಚಹಾ ಕುಡಿದು ಹೋಗಿ ಎಂದು ಒಳಗೆ ಕರೆದೆ. ಒಲೆಯ ಮುಂದೆ ಕೂತವಳು ಪಕ್ಕದ ಸೀಳೊಂದನ್ನು ಎತ್ತಿ, ಅದರ ತೊಗಟೆಯನ್ನು ಬೆರಳಿನಿಂದ ಸವರಿ, ಮೂಗಿಗೆ ಹಿಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಎಲೆಗಳನ್ನು ನೋಡಿದಳು. ಚಹಾ ಮುಟ್ಟದೆ ಎದ್ದು ಹೋದಳು.

ನಾನು ಮೂರು ತಿಂಗಳು ಮುದ್ದೆ ಬೇಯಿಸಿದ್ದು ಬನ್ನಿ ಮರದಲ್ಲಿ. ಜಾಲಿಗೂ ಬನ್ನಿಗೂ ಎಲೆ ಸಣ್ಣದು, ಎರಡಕ್ಕೂ ಮುಳ್ಳು. ಕಡಲ ದಂಡೆಯಿಂದ ಬಂದವಳಿಗೆ ಒಣಗಿದ ದಿಮ್ಮಿಯಲ್ಲಿ ಏನು ವ್ಯತ್ಯಾಸ ಗೊತ್ತಾಗಬೇಕು? ಈ ಊರಿನಲ್ಲಿ ಬನ್ನಿಗೆ ಯಾರೂ ಕೊಡಲಿ ಹಾಕುವುದಿಲ್ಲ, ಬಿದ್ದರೂ ಒಲೆಗೆ ಇಡುವುದಿಲ್ಲ, ಬಿದ್ದಲ್ಲೇ ಮಣ್ಣಾಗಲು ಬಿಡುತ್ತಾರೆ. ಇದೆಲ್ಲ ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ದೇವಸ್ಥಾನದ ಕಟ್ಟೆಗೆ ಕರೆಸಿದ ಮೇಲೆ.

ಕಟ್ಟೆಯ ಮೇಲೆ ಹಿರಿಯರು, ಅವರ ನಡುವೆ ಗೌಡರು. ಅವರ ಹೊಲದಲ್ಲಿದ್ದ ಹಳೆಯ ಬನ್ನಿ ಹಿಂದಿನ ವರ್ಷ ಗಾಳಿಗೆ ಬಿದ್ದಿತ್ತಂತೆ, ಅದನ್ನು ಹೊಲದ ಮೂಲೆಯಲ್ಲಿ ಮಣ್ಣಾಗಲು ಬಿಟ್ಟಿದ್ದರಂತೆ, ಯಾರೋ ಕದ್ದು ಟೀಚರಿಗೆ ಮಾರಿರಬೇಕಂತೆ. ನನ್ನ ಕಡೆ ತಿರುಗಿ, ದೊಡ್ಡ ಮನಸ್ಸು ಮಾಡಿದರು.

“ಪಾಪ, ಬ್ಯಾರೆ ಸೀಮೆಯವ್ರು, ಗೊತ್ತಿಲ್ದೆ ಮಾಡ್ಯಾರೆ. ಕ್ಷಮಿಸ್ಬಿಡಾಣ. ಮನೆ ಮಾತ್ರ ಖಾಲಿ ಮಾಡ್ಲಿ.”

ಬೈದಿದ್ದರೆ ಸಹಿಸುತ್ತಿದ್ದೆನೋ ಏನೋ. ಕ್ಷಮಿಸಿದ್ದು ತಡೆಯಲಾಗಲಿಲ್ಲ. ನನ್ನ ಕೈಯಿಂದ ತನ್ನ ಪಾಪ ಸುಡಿಸಿ, ನನ್ನನ್ನೇ ಕ್ಷಮಿಸುತ್ತಿದ್ದಾನೆ ಈ ಮನುಷ್ಯ! ನೇರ ಮನೆಗೆ ಹೋದೆ. ಉಳಿದಿದ್ದ ಬೊಡ್ಡೆಯನ್ನು ಗೋಣಿಚೀಲದ ಮೇಲೆ ಉರುಳಿಸಿ, ಬೀದಿಯುದ್ದಕ್ಕೂ ಎಳೆದು ತಂದು ಕಟ್ಟೆಯ ಮುಂದೆ ನಿಲ್ಲಿಸಿದೆ. ಸೀರೆಯೆಲ್ಲ ಧೂಳು, ಅಂಗೈಯಲ್ಲಿ ರಕ್ತ. ಬೊಡ್ಡೆಯ ಬುಡ ಹಲಗೆಯ ಹಾಗೆ ಸಮವಾಗಿತ್ತು, ಗರಗಸದ ಗೆರೆಗಳು ಎದ್ದು ಕಾಣುತ್ತಿದ್ದವು. ಗಾಳಿಗೆ ಬಿದ್ದ ಮರದ ಬುಡ ಹೀಗಿರುತ್ತದೆಯೇ ಎಂದು ಕೇಳಿದೆ. ನನ್ನ ಬಳಿ ಇರುವುದು ಒಂದು ಕೊಡಲಿ, ಒಂದು ಬೆಣೆ. ಇದು ಬಿದ್ದಿದ್ದು ಗೌಡರ ಹಿತ್ತಲಲ್ಲೇ, ಉರಿಸಿಕೊಳ್ಳಿ ಎಂದವರೂ ಅವರೇ; ಗರಗಸ ಯಾರ ಬಳಿ ಇದೆ, ಮರ ಯಾರ ಹೊಲದ್ದು, ನೀವೇ ಹೇಳಿ ಎಂದೆ.

ಗೆದ್ದೆ ಅಂದುಕೊಂಡೆ. ಆದರೆ ಒಬ್ಬರೂ ಗೌಡರ ಕಡೆ ತಿರುಗಲಿಲ್ಲ. ಎಲ್ಲರ ಕಣ್ಣೂ ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದ ಓಬಜ್ಜನ ಮೇಲೆ ಬಿದ್ದವು. ಊರಿನಲ್ಲಿ ಇಬ್ಬರು ಎಳೆಯುವ ಗರಗಸ ಇದ್ದದ್ದು ಅವನೊಬ್ಬನ ಬಳಿ. ಗೌಡರ ಹೆಸರು ಹೇಳಲು ಅವನಿಗೆ ಅವಕಾಶವಿತ್ತು. ಆದರೆ ಗೌಡರು ಕೊಟ್ಟ ಜಾಗದಲ್ಲೇ ಅವನ ಗುಡಿಸಲು, ಮಗಳೂ ಅಳಿಯನೂ ಅವರ ಹೊಲದಲ್ಲೇ ಕೂಲಿ. ಅವನು ಟವೆಲ್ಲನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದ.

“ಗರಗಸ ನಂದೇ. ಕೊಯ್ದವ್ನೂ ನಾನೇ” ಎಂದ.

ಯಾರು ಹೇಳಿ ಕೊಯ್ಸಿದ್ರು ಅಂತ ಕೇಳಿ ಎಂದು ನಾನು ಕಿರುಚಿದೆ. ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಕೊಳವೆ ಬಾವಿ ಕೊರೆಯುವ ಲಾರಿ ಆ ಹೊಲಕ್ಕೆ ನುಗ್ಗಿದ್ದು ಮರವಿದ್ದ ಜಾಗದಿಂದಲೇ ಎಂಬುದು ಊರಿಗೇ ಗೊತ್ತಿತ್ತು. ಗೊತ್ತಿದ್ದೂ ಹಿರಿಯರು ತೀರ್ಮಾನ ಮಾಡಿದರು. ಟೀಚರದು ತಪ್ಪಿಲ್ಲ, ಮನೆಯಲ್ಲಿ ಇರಬಹುದು. ಬನ್ನಿಗೆ ಗರಗಸ ಹಾಕಿದವನು ಊರವರ ಮರ ಮುಟ್ಟಬಾರದು, ಯಾರ ಮನೆಯಲ್ಲೂ ಸೌದೆ ಒಡೆಯಬಾರದು. ಗೌಡರು ತಲೆದೂಗಿದರು.

ನಾನು ಬೆಣೆ ಇಟ್ಟದ್ದು ಗೌಡರ ಬುಡಕ್ಕೆ, ಸೀಳಿದ್ದು ಮುದುಕನ ಬದುಕು. ಸಂಜೆ ಅವನ ಗುಡಿಸಲಿಗೆ ಹೋಗಿ ಜಗಳವಾಡಿದೆ. ಹೌದು, ಕ್ಷಮೆ ಕೇಳಲಿಲ್ಲ, ಜಗಳವಾಡಿದೆ. ಅವತ್ತೇ ಬಾಯಿ ಬಿಟ್ಟು ಇದು ಬನ್ನಿ ಎಂದಿದ್ದರೆ ನಾನು ಮುಟ್ಟುತ್ತಿದ್ದೆನೇ ಎಂದೆ. ಇವತ್ತಾದರೂ ಗೌಡರ ಹೆಸರು ಹೇಳಬಹುದಿತ್ತಲ್ಲ ಎಂದೆ. ಅವನು ಗರಗಸದ ಹಲ್ಲಿಗೆ ಎಣ್ಣೆ ಸವರುತ್ತ ಕೇಳಿಸಿಕೊಂಡ. ಹೇಳಿದ ಮೇಲೆ ನಿಮ್ಮ ಹಾಗೆ ಬಸ್ಸು ಹತ್ತಿ ಹೋಗಲು ನನಗೆ ಇನ್ನೊಂದು ಊರಿಲ್ಲ ಎಂದ. ಅದೇ ತಿಂಗಳು ಅವನೂ ಬಸ್ಸು ಹತ್ತಿದ. ಹಿರಿಯೂರಿನಲ್ಲಿ ಹೆದ್ದಾರಿಯ ಹೋಟೆಲೊಂದರ ಹಿಂದೆ ಸೌದೆ ಒಡೆಯುತ್ತಾನೆ ಎಂದು ಗೌರಮ್ಮ ಗುಟ್ಟಾಗಿ ಹೇಳಿದಳು.

ಇದಾಗಿ ಒಂಬತ್ತು ವರ್ಷ. ಗ್ಯಾಸು ಬಂತು, ತಂಗಿಯರ ಮದುವೆಯಾಯಿತು. ಅದೇ ಮನೆಯಲ್ಲಿದ್ದೇನೆ, ಸ್ನಾನದ ನೀರಿಗೆ ಇನ್ನೂ ಸೌದೆ ಒಡೆಯುತ್ತೇನೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಮ್ಮನ ಹಿತ್ತಲಲ್ಲಿ ಗಾಳಿಮರ ಒಡೆದೆ. ಮುಟ್ಟಿದರೆ ಸೀಳುತ್ತದೆ. ಇಷ್ಟು ಸುಲಭವಾಗಿ ಸೋಲುವ ಮರದ ಮೇಲೆ ನನಗೆ ಸಿಟ್ಟೇ ಬಂತು. ನಿನ್ನ ಮಾತೆಲ್ಲ ಘಟ್ಟದವರ ಹಾಗಾಗಿದೆ ಎಂದು ಅಮ್ಮ ದೂರಿದಳು. ಇಲ್ಲಿಯವರಿಗೆ ನಾನು ಇಂದಿಗೂ ಬೇರೆ ಸೀಮೆಯ ಟೀಚರಮ್ಮ. ವರ್ಗಾವಣೆಯ ಅರ್ಜಿಯನ್ನು ಪ್ರತಿ ವರ್ಷ ತುಂಬುತ್ತೇನೆ, ಪ್ರತಿ ವರ್ಷ ಕಳಿಸದೆ ಇಡುತ್ತೇನೆ.

ಕಳೆದ ದಸರೆಯಲ್ಲಿ, ಸಂಜೆ ಹಂಚಿದ ಬನ್ನಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮರುದಿನ ಹಿರಿಯೂರಿಗೆ ಹೋದೆ. ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿ, ಓಬಜ್ಜ ಇದ್ದ. ಬೆನ್ನು ಬಾಗಿ ಕೊಡಲಿಯ ಕಾವಿನಷ್ಟೇ ಎತ್ತರವಾಗಿದ್ದ. ಕೊಡಲಿಗೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಎಲೆಗಳನ್ನು ಅವನ ಅಂಗೈಗೆ ಹಾಕಿದೆ. ಒಂದೊಂದನ್ನೂ ತಿರುಗಿಸಿ ನೋಡಿದ.

“ನಮ್ಮೂರವಾ?”

“ಹೂಂ ಅಜ್ಜ, ನಮ್ಮೂರವೇ” ಎಂದೆ. ಆ ಊರನ್ನು ಹಾಗೆ ಕರೆದದ್ದು ಅದೇ ಮೊದಲು.

ಅವನು ಎಲೆಗಳನ್ನು ಕಣ್ಣಿಗೆ ಒತ್ತಿಕೊಂಡು ಟವೆಲ್ಲಿನ ತುದಿಗೆ ಗಂಟು ಹಾಕಿದ. ಮಗಳ ಮಕ್ಕಳನ್ನು ವಿಚಾರಿಸಿದ. ಬೇವಿನ ಮರ ಇದೆಯೇ ಎಂದ. ಆಮೇಲೆ, ಗೌಡರಿಗೂ ಬನ್ನಿ ಕೊಟ್ಟಿರಾ ಎಂದು ಕೇಳಿದ. ಹಿಂದಿನ ಸಂಜೆ ಗೌಡರು ಎಂದಿನಂತೆ ನನ್ನ ಬಾಗಿಲಿಗೆ ಬಂದಿದ್ದರು. ಅವರ ಎಲೆ ತೆಗೆದುಕೊಂಡಿದ್ದೆ, ಅವರ ಕೈಗೂ ಎಲೆ ಹಾಕಿದ್ದೆ, ಬಂಗಾರದ ಹಾಗೆ ಇರೋಣ ಎಂದೂ ಹೇಳಿದ್ದೆ. ಒಂಬತ್ತು ವರ್ಷವೂ ಹೇಳಿದ್ದೇನೆ.

ಕೊಟ್ಟೆ ಎಂದೆ. ಬೈಯಲಿ ಎಂದು ಕಾಯುತ್ತ ನಿಂತೆ. ಓಬಜ್ಜ ಬೊಡ್ಡೆಯನ್ನು ತಿರುಗಿಸಿ, ಬಿರುಕು ಹುಡುಕಿ, ಬೆಣೆ ಇಟ್ಟ.

“ಕೊಡ್ಬೇಕು ಟೀಚರಮ್ಮ” ಎಂದ. “ನೀವು ಅಲ್ಲಿ ಇರ್ಬೇಕಲ್ಲ.”