ಪೈಪಿನ ಹಿಂದಿನ ಪದ

ಅವನು ಬೋರ್ಡ್ ಬರೆಯುವವನು. ಅಕ್ಷರ ಮುತ್ತಿನಂತಿರುತ್ತಿತ್ತು, ಅಳತೆ ಮಾತ್ರ ದೇವರಿಗೇ ಪ್ರೀತಿ. ಸಾಲಿನ ಆರಂಭದಲ್ಲಿ ಧಾರಾಳವಾಗಿ ಕೈ ಬೀಸಿ, ಕೊನೆಯಲ್ಲಿ ಜಾಗ ಸಾಲದೆ ಉಳಿದ ಪದವನ್ನು ಇರುವೆ ಗಾತ್ರಕ್ಕೆ ಇಳಿಸಿ ಮೂಲೆಗೆ ತುರುಕುತ್ತಿದ್ದ.

ಮನೆಯಲ್ಲಿ ಅಕ್ಕನದೇ ದರ್ಬಾರು. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳು. ಹೊಟ್ಟೆ ಬಿರಿಯುವಂತಿದ್ದರೂ ಅವಳು ಬಡಿಸಿದ್ದನ್ನು ಅವನು ಬೇಡ ಎಂದವನಲ್ಲ.

ಒಂದು ಮಧ್ಯಾಹ್ನ ಅಂಗಳದಲ್ಲಿ ಹಲಗೆಯ ಮುಂದೆ ಕುಳಿತಿದ್ದ. ಎಡಗಡೆಯ ಲೋಟದಲ್ಲಿ ಚಹಾ, ಬಲಗಡೆಯದರಲ್ಲಿ ಕುಂಚ ತೊಳೆಯುವ ಟರ್ಪೆಂಟೈನ್. ಕಣ್ಣು ಅಕ್ಷರದ ಬಾಲದ ಮೇಲಿತ್ತು. ಕುಂಚವನ್ನು ಚಹಾದಲ್ಲಿ ಅದ್ದಿ, ಇನ್ನೊಂದು ಲೋಟವನ್ನೆತ್ತಿ ಗುಟುಕರಿಸಿದ. ಗಂಟಲು ಉರಿದಾಗಲೇ ಎಡವಟ್ಟು ಗೊತ್ತಾದದ್ದು.

ಅಕ್ಕ ಓಡಿ ಬಂದು ಲೋಟ ಮೂಸಿದಳು. ಕ್ಷಣದಲ್ಲಿ ಒಂದು ಚೊಂಬು ಉಪ್ಪುನೀರು ಹಾಜರು. ಕುಡಿದು ಕಕ್ಕು ಎಂದಳು. ಅವನು ಹಿಂಜರಿದದ್ದಕ್ಕೆ ಮೂಗು ಹಿಡಿಯಲು ಬಂದಳು.

"ಆಸ್ಪತ್ರೆ ಗೋಡೆ ಮೇಲೆ ನೀನೇ ಬರ್ದಿದ್ದೀಯಲ್ಲೋ, ಸೀಮೆಎಣ್ಣೆ, ಟರ್ಪೆಂಟೈನ್ ಕುಡಿದ್ರೆ ವಾಂತಿ ಮಾಡಿಸುವುದು ಅಂತ."

ಅವನು ಬರೆದದ್ದು ಹಾಗಲ್ಲ. ಆ ಸಾಲು 'ವಾಂತಿ ಮಾಡಿಸುವುದು ಬೇಡ' ಎಂದು. ಕಕ್ಕುವಾಗ ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು ಎಂದು ಡಾಕ್ಟರಮ್ಮ ಪಕ್ಕದಲ್ಲೇ ನಿಂತು ಹೇಳಿ ಬರೆಸಿದ್ದರು. 'ಬೇಡ'ಕ್ಕೆ ಜಾಗ ಸಾಲದೆ ಅದನ್ನು ನೀರಿನ ಪೈಪಿನ ಹಿಂದೆ ಸೇರಿಸಿದ್ದ ಮಹಾನುಭಾವ ಇವನೇ.

ಚೊಂಬು ತುಟಿಗೆ ಬಂದಿತ್ತು. ಸಾವಿಗೆ ಹೆಚ್ಚು ಹೆದರಬೇಕೋ ಅಕ್ಕನಿಗೋ ಎಂದು ತೀರ್ಮಾನಿಸಲು ಅವನಿಗೆ ತುಸು ಹೊತ್ತು ಹಿಡಿಯಿತು.

"ಬೇಡಕ್ಕ," ಎಂದ. ಆ ಪದವೂ ಇರುವೆ ಗಾತ್ರದಲ್ಲೇ ಹೊರಬಂತು, ಅವಳಿಗೆ ಕೇಳಿಸಲಿಲ್ಲ. "ಬೇಡ ಅಂದ್ರೆ ಬೇಡ!" ಎಂದು ಕಿರುಚಿ ಚೊಂಬನ್ನು ತಳ್ಳಿಬಿಟ್ಟ. ನೀರೆಲ್ಲ ಅಕ್ಕನ ಮೈಮೇಲೆ ಚೆಲ್ಲಿತು.

ಅವಳು ಬಾಯಿ ಬಿಡುವಷ್ಟರಲ್ಲಿ ಅವನು ಬಾಯಿ ಮುಕ್ಕಳಿಸಿ, ಟರ್ಪೆಂಟೈನ್ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು, ಅವಳ ಕೈ ಹಿಡಿದೆಳೆದು ಬಾಡಿಗೆ ಗಾಡಿ ಹತ್ತಿಯಾಗಿತ್ತು. ಡಾಕ್ಟರಮ್ಮ ಡಬ್ಬ ನೋಡಿದರು, ಎದೆ ಪರೀಕ್ಷಿಸಿದರು, ಮರುದಿನದವರೆಗೆ ಮಲಗಿಸಿಕೊಂಡರು. ಕಕ್ಕದೇ ಬಂದದ್ದು ಒಳ್ಳೆಯದಾಯಿತು ಎಂದರು.

ಅದನ್ನು ಕೇಳಿ ಅಕ್ಕನ ದರ್ಬಾರೆಲ್ಲ ಇಳಿದುಹೋಯಿತು. "ನನ್ನ ಕೈಯಾರೆ ಕೊಂದೇ ಬಿಡ್ತಿದ್ನಲ್ಲೋ," ಎಂದು ಅತ್ತಳು. ಅವನಿಗೂ ಅಳು ಬಂತು. ತಪ್ಪು ಅವಳದಲ್ಲ, ತಾನು ಪೈಪಿನ ಹಿಂದೆ ಬರೆದ 'ಬೇಡ'ದ್ದು ಎಂದು ಹೇಳಿಕೊಂಡ.

ಬಿಡುಗಡೆಯಾದವನು ಮನೆಗೆ ಹೋಗುವ ಮೊದಲೇ ಗೋಡೆಗೆ ಏಣಿ ಹಾಕಿ, ಪೈಪಿನ ಮೇಲೆಯೇ ಹಾಯಿಸಿ, ಕೆಂಪು ಬಣ್ಣದಲ್ಲಿ 'ಬೇಡ' ಎಂದು ಬರೆದ. ಉಳಿದ ಪದಗಳೆಲ್ಲ ಅದರ ಮುಂದೆ ಮರಿಗಳಂತೆ ಕಂಡವು. ಅಕ್ಕ ಕೆಳಗೆ ಏಣಿ ಹಿಡಿದು ನಿಂತಿದ್ದಳು.

ಅಂದು ಊಟಕ್ಕೆ ಬಡಿಸುವಾಗ ಅವಳು ಸೌಟು ಎತ್ತಿ, ಹಾಗೇ ತಡೆದಳು.

"ಇನ್ನೊಂಚೂರು ಹಾಕ್ಲಾ, ಬೇಡ್ವಾ?"

ಅವನು ಹುಟ್ಟಿದಾಗಿನಿಂದ ಅವಳು ಹಾಗೆ ಕೇಳಿದ್ದಿಲ್ಲ. ಹೊಟ್ಟೆ ತುಂಬಿದ್ದರೂ ಅವನು ತಟ್ಟೆ ಮುಂದೆ ಚಾಚಿದ.