ಹಬ್ ತರಲು ಹೋದ ಕಾರು

ಇವತ್ತು ಪುತ್ತೂರಿನ ವರ್ಕ್‌ಶಾಪಿನಲ್ಲಿ ನನ್ನ ಕಾರಿನ ಚಕ್ರ ಬಿಚ್ಚಿದಾಗ ಗ್ರೀಸಿನ ವಾಸನೆ ಬಂತು. ನನಗದು ಚಾಕಲೇಟಿನ ವಾಸನೆ.

ನಾನು ಚಿಕ್ಕವಳಿದ್ದಾಗ ಉಪ್ಪ, ಅಂದರೆ ನನ್ನ ಅಪ್ಪ, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರೊಂದರ ಇಂಜಿನ್ ಇಳಿಸಿ, ದೊಡ್ಡ ಕಾರಿನ ಇಂಜಿನ್ ಕೂರಿಸಿದ್ದರು. ಕೆಲಸದ ನಡುವೆ ಕೈ ಒರೆಸುವುದು ಯಾವಾಗಲೂ ಲುಂಗಿಯ ತುದಿಗೇ. ಅಷ್ಟು ಶಕ್ತಿಗೆ ಚಕ್ರ ಹಿಡಿದಿಡುವ ಹಳೇ ಹಬ್ ಸಾಲದು ಎಂದು ಅವರಿಗೇ ಗೊತ್ತಿತ್ತು. ಗಟ್ಟಿ ಹಬ್‌ಗಳನ್ನು ಉಮ್ಮನ ತಮ್ಮ, ನನ್ನ ಮಾಮ, ದುಬೈಯಿಂದ ತರುವವರಿದ್ದರು.

ಗಲ್ಫಿನಿಂದ ಯಾರೇ ಬಂದರೂ ವಿಮಾನ ನಿಲ್ದಾಣಕ್ಕೆ ಮನೆಯವರೆಲ್ಲ ಜೀಪು ತುಂಬಿ ಹೋಗುವುದು ನಮ್ಮಲ್ಲಿ ರೂಢಿ. ಆ ಸಲ ಉಪ್ಪ ಒಬ್ಬರೇ ಆ ಕಾರು ತೆಗೆದರು. ಮಾಮನಿಗೆ ತೋರಿಸುವ ಆಸೆ.

"ಹಬ್ ಬಂದ ಮೇಲೆ ಓಡಿಸಿದ್ರೆ ಆಗುದಿಲ್ವಾ?" ಎಂದರು ಉಮ್ಮ.

"ಹಬ್ ತರ್ಲಿಕ್ಕೇ ಹೋಗುದಲ್ವಾ ಮಾರಾಯ್ತಿ."

ಉಪ್ಪಿನಂಗಡಿ ದಾಟಿದ ತಿರುವಿನಲ್ಲಿ ಮುಂದಿನ ಹಬ್ ಮುರಿದು ಚಕ್ರ ಕಳಚಿತು. ಮಾಮ ಟ್ಯಾಕ್ಸಿ ಮಾಡಿಕೊಂಡು ಮನೆ ಮುಟ್ಟುವಾಗ ಉಪ್ಪನನ್ನು ಮಲಗಿಸಿ ಬಿಳಿ ಬಟ್ಟೆ ಹೊದೆಸಿದ್ದರು.

ಮಾಮನ ಪೆಟ್ಟಿಗೆ ಬಿಚ್ಚಿದ್ದು ಎಷ್ಟೋ ದಿನದ ಮೇಲೆ. ಸಾಬೂನು, ಅತ್ತರು, ಚಾಕಲೇಟಿನ ಅಡಿಯಲ್ಲಿ ಟವೆಲು ಸುತ್ತಿದ ಹಬ್‌ಗಳು. ಚಾಕಲೇಟಿಗೆಲ್ಲ ಗ್ರೀಸಿನ ವಾಸನೆ ಹಿಡಿದಿತ್ತು. ನಾನು ತಿಂದೆ. ಯಾರೂ ಬೇಡ ಅನ್ನಲಿಲ್ಲ.

"ಹಬ್ ಹೋಗಿದೆ ಮೇಡಂ. ಹೊಸತು ಮಂಗಳೂರಿಂದ ಬರ್ಬೇಕು. ಅಲ್ಲಿವರೆಗೆ ನಿಧಾನ ಓಡಿಸಿ, ಎಂತ ಆಗುದಿಲ್ಲ," ಎಂದರು ಇವತ್ತು ವರ್ಕ್‌ಶಾಪಿನ ಮೆಕ್ಯಾನಿಕ್.

ನಾನು ಕೀ ಅವರ ಕೈಗೆ ಕೊಟ್ಟು ಸುಳ್ಯದ ಬಸ್ಸು ಹತ್ತಿದೆ.