ಅಪ್ಪ ಕೆಳಗಿಟ್ಟ ತಮಟೆ

ಒಣಹುಲ್ಲು ಉರಿಯುವ ವಾಸನೆ ಬಂದರೆ ನೀವೇನು ಮಾಡುತ್ತೀರೋ ಗೊತ್ತಿಲ್ಲ. ನಾನು ಅಡುಗೆಮನೆಗೆ ಓಡಿ ಗ್ಯಾಸ್ ನೋಡುತ್ತೇನೆ. ಹುಲ್ಲಿಗೂ ಗ್ಯಾಸಿಗೂ ಏನು ಸಂಬಂಧ ಎನ್ನಬೇಡಿ. ಹೆದರುವವರಿಗೆ ಸಂಬಂಧ ಕಟ್ಟುವುದು ಕಷ್ಟವಲ್ಲ. ಅಜ್ಜಂಪುರದ ಮದುವೆಯೊಂದಕ್ಕೆ ಹೊರಟವಳು ಬೀರೂರಿನಲ್ಲೇ ಬಸ್ಸಿಳಿದು, ಗ್ಯಾಸ್ ಆರಿಸಿದ್ದೆನೋ ಇಲ್ಲವೋ ನೋಡಲು ಕಡೂರಿಗೆ ವಾಪಸು ಬಂದ ಖ್ಯಾತಿ ನನ್ನದು. ಆರಿಸಿದ್ದೆ. ಮದುವೆ ತಪ್ಪಿತು.

ಮೊನ್ನೆ ಬೆಳಿಗ್ಗೆ ವಾಸನೆ ಹಿತ್ತಲಿನಿಂದ ಬಂತು. ಹೋಗಿ ನೋಡಿದರೆ ಮಗಳು ಸುಮ ಹುಲ್ಲಿಗೆ ಬೆಂಕಿ ಹಚ್ಚಿ ಅದರ ಮೇಲೆ ತಮಟೆ ಹಿಡಿದು ಕಾಯಿಸುತ್ತಿದ್ದಳು. ಕಾವು ತಾಗಿದರೆ ಚರ್ಮ ಬಿಗಿದು ನಾದ ಏಳುತ್ತದೆ. ನಮ್ಮ ಮನೆಯಲ್ಲಿ ಯಾರೂ ತಮಟೆಯ ಹೆಸರೆತ್ತುವುದಿಲ್ಲ. ಒಳಗೆ ಅಪ್ಪ ಮಲಗಿದ್ದರು.

“ಆರ್ಸೇ ಮೊದ್ಲು! ತಾತ ಎದ್ರೆ ಏನ್ ಗತಿ?”

“ನಮ್ ತಂಡದಲ್ಲಿ ಎಲ್ಲಾ ಹುಡುಗೀರೇ ಬಾರ್ಸೋದು ಕಣಮ್ಮ. ಇವತ್ತು ಅಜ್ಜಂಪುರದಲ್ಲಿ ಮೆರವಣಿಗೆ.” ಆ ಕಡೆಯ ಒಂದು ಹಳ್ಳಿಯ ಕಟಿಂಗ್ ಅಂಗಡಿಯಲ್ಲಿ ನಮ್ಮ ಜನರ ತಲೆ ಮುಟ್ಟುವುದಿಲ್ಲವಂತೆ. ಅದಕ್ಕೇ ತಾಲ್ಲೂಕು ಕಚೇರಿಯವರೆಗೆ ತಮಟೆ ಬಾರಿಸಿಕೊಂಡು ಹೋಗುತ್ತಾರಂತೆ.

“ಮಳೆ ಬಂದ್ರೆ?”

“ಬರಲ್ಲ.”

“ಕಲ್ಲು ಬಂದ್ರೆ?”

“ಕಲ್ಲು ಎಲ್ಲಿಂದ ಬರುತ್ತಮ್ಮಾ?” ಎಂದು ನಕ್ಕಳು.

ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು. ಯಗಟಿ ಕಡೆಯ ಒಂದು ಊರು ನಮ್ಮದು. ಹೆಸರು ಹೇಳುವುದಿಲ್ಲ, ಅಲ್ಲಿ ಇನ್ನೂ ನೆಂಟರಿದ್ದಾರೆ, ನನಗೆ ಇನ್ನೂ ಭಯವಿದೆ. ಊರಿನಲ್ಲಿ ಯಾರೇ ಸತ್ತರೂ ಹೆಣದ ಮುಂದೆ ತಮಟೆ ಬಡಿಯುವುದು ನಮ್ಮ ಮನೆಯವರ ಪಾಲಿಗೆ ಬಂದಿತ್ತು. ನಮ್ಮ ಹೆಣ ಮಾತ್ರ ಊರ ಬೀದಿ ತುಳಿಯುವಂತಿರಲಿಲ್ಲ, ಕೆರೆ ಏರಿ ಸುತ್ತಿಕೊಂಡು ಹೋಗಬೇಕು. ಅಪ್ಪನಂಥ ಬಡಿತಗಾರ ಸುತ್ತಮುತ್ತ ಇರಲಿಲ್ಲ. “ನನ್ ಮಗ ಬಡುದ್ರೆ ಸತ್ತೋನೂ ಎದ್ದು ಎಲ್ಡ್ ಹೆಜ್ಜೆ ಹಾಕ್ತಾನೆ” ಎನ್ನುತ್ತಿದ್ದಳು ಅಜ್ಜಿ. ತಾನು ಹೋಗುವಾಗ ಮಗ ಎಲ್ಲರಿಗಿಂತ ಚೆನ್ನಾಗಿ ಬಡಿಯಬೇಕೆಂಬುದು ಅವಳ ಆಸೆ.

ಒಂದು ದಿನ ಪಟೇಲರ ಮನೆಯ ಆಳು ಬಂದು ಅಂಗಳದಾಚೆಯೇ ನಿಂತ. “ದೊಡ್ಡೋರು ಹೋಗ್ಬಿಟ್ರು. ತಮಟೆ ತಗಂಡ್ ಬಾರ್ಲಾ.”

“ಬರಲ್ಲ,” ಎಂದರು ಅಪ್ಪ.

“ಹುಷಾರಿಲ್ವೇನ್ಲಾ?”

“ಹುಷಾರಾಗೇ ಇವ್ನಿ. ನಮ್ ಹೆಣಕ್ಕಿಲ್ದ ಬೀದೀಲಿ ನಾ ಬಡಿಯಲ್ಲ.”

ನಾನು ಅಜ್ಜಿಯ ಸೀರೆ ಹಿಂದೆ ನಿಂತಿದ್ದೆ. ಅಪ್ಪ ಅಷ್ಟು ಮೆಲ್ಲಗೆ ಹೇಳಿದ್ದೇ ನನಗೆ ಹೆಚ್ಚು ಭಯ ತಂದದ್ದು. ಕಿರುಚಿದ್ದರೆ ಕುಡಿದಿದ್ದಾರೆ ಎಂದು ಯಾರಾದರೂ ಸಮಾಧಾನ ಮಾಡಬಹುದಿತ್ತು.

ಆಮೇಲಿನದನ್ನು ನೀವು ಊಹಿಸಬಲ್ಲಿರಿ. ನಮ್ಮ ಕೇರಿಯವರನ್ನು ಕೂಲಿಗೆ ಕರೆಯಲಿಲ್ಲ. ಅಂಗಡಿಯಲ್ಲಿ ಉಪ್ಪು ಸಿಗಲಿಲ್ಲ. ಗಿರಣಿಯವನು ರಾಗಿ ಚೀಲ ನೋಡಿ ಬೆಲ್ಟು ಹರಿದಿದೆ ಎಂದ. ಬೆಲ್ಟು ನಮ್ಮ ಕಣ್ಣೆದುರಿಗೇ ತಿರುಗುತ್ತಿತ್ತು. ಅಜ್ಜಿ ಮೂಲೆಯ ಬೀಸುವ ಕಲ್ಲಿಗೆ ಕೂತಳು. ಕೇರಿಯವರೇ ಕೆಲವರು ಬಂದು, “ಒಂದ್ ಸಲ ಬಡುದ್ಬಿಡಪ್ಪ, ಮಕ್ಳು ಉಪಾಸ ಬಿದ್ದವೆ” ಎಂದರು. ಅಪ್ಪ ಒಪ್ಪಲಿಲ್ಲ. ಬಾಗಿಲು ತಟ್ಟಿದರೆ ನಾನು ಕಲ್ಲಿನ ಹಿಂದೆ ಅವಿತುಕೊಳ್ಳುತ್ತಿದ್ದೆ. ಆ ಕಲ್ಲಿನ ಹಿಂದಿನಿಂದ ನಾನು ಪೂರ್ತಿ ಎದ್ದು ಬಂದಿದ್ದೇನೆಯೇ ಎಂಬ ಅನುಮಾನ ಈಗಲೂ ಇದೆ.

ಅಜ್ಜಿ ಹಾಸಿಗೆ ಹಿಡಿದದ್ದು ಅದೇ ಬೇಸಗೆಯಲ್ಲಿ. ಕೊನೆಗೆ ಅಪ್ಪನನ್ನು ಹತ್ತಿರ ಕರೆದಳು.

“ನನ್ ಮುಂದೆ ಬಡೀಬ್ಯಾಡ ಕಣ್ಲಾ. ಸದ್ದು ಕೇಳ್ತಿದ್ದಂಗೆ, ಹಸ್ಕಂಡು ಬಗ್ಗುದ್ರು ಅಂತಾರೆ ಅವ್ರು. ಸುಮ್ನೆ ಹೊತ್ಕಂಡ್ ಹೋಗ್ರಿ. ಏರಿ ಮೇಲ್ ಬ್ಯಾಡ. ಬೀದೀಲೇ ಹೋಗ್ರಿ.”

ಹಾಗೇ ಹೋದೆವು, ಮಟಮಟ ಮಧ್ಯಾಹ್ನ. ತಮಟೆಯಿಲ್ಲ, ಅಳುವೂ ಇಲ್ಲ. ಹೆಜ್ಜೆ ಸಪ್ಪಳ ಮಾತ್ರ. ನಮ್ಮ ಮುಂದೆ ಮುಂದೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಪಟೇಲರ ಜಗಲಿಯ ಮೇಲೆ ನಾಲ್ಕಾರು ಜನ ನಿಂತಿದ್ದರು, ಒಬ್ಬನ ಮುಷ್ಟಿಯಲ್ಲಿ ಕಲ್ಲು. ನನಗೆ ಆ ಮುಷ್ಟಿ ಬಿಟ್ಟು ಬೇರೇನೂ ಕಾಣಲಿಲ್ಲ. ಅಪ್ಪ ಚಟ್ಟಕ್ಕೆ ಹೆಗಲು ಕೊಟ್ಟು ನೆಟ್ಟಗೆ ನಡೆದರು. ಕಲ್ಲು ಬೀಳಲಿಲ್ಲ. ಯಾಕೆ ಬೀಳಲಿಲ್ಲವೋ ತಿಳಿಯದು. ನನ್ನ ಬೆನ್ನು ಮಾತ್ರ ಅದಕ್ಕಾಗಿ ಇನ್ನೂ ಕಾಯುತ್ತಿದೆ.

ತಿಥಿ ಮುಗಿಸಿ ಕಡೂರಿಗೆ ಬಂದೆವು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತರು. ನಾನು ಓದಿ ಮೇಷ್ಟ್ರಮ್ಮನಾದೆ. ತಮಟೆಯನ್ನು ಅವರು ಮತ್ತೆ ಮುಟ್ಟಲಿಲ್ಲ. ಊಟದ ತಟ್ಟೆಯ ಅಂಚಿನಲ್ಲಿ ಒಮ್ಮೊಮ್ಮೆ ಬೆರಳು ಆಡುತ್ತಿದ್ದವು. ನಾವು ನೋಡಿದರೆ ನಿಂತುಬಿಡುತ್ತಿದ್ದವು.

ಅಂಥ ಅಪ್ಪ ಮೊನ್ನೆ ಗೋಡೆ ಹಿಡಿದುಕೊಂಡು ಹಿತ್ತಲಿಗೇ ಬಂದರು. ವಾಸನೆ ಎಬ್ಬಿಸಿತ್ತು. ನಾನು ಅಡ್ಡ ನಿಂತು, “ಏನಿಲ್ಲಪ್ಪ, ಕಸ ಸುಡ್ತಿದೀವಿ,” ಎಂದೆ. ಮೇಷ್ಟ್ರಮ್ಮನ ಸುಳ್ಳು. ಹಿಂದೆ ಮಗಳ ಕೈಯಲ್ಲಿ ತಮಟೆ ಹಾಗೇ ಇತ್ತು.

ಅಪ್ಪ ನನ್ನನ್ನು ಸರಿಸಿ ಅವಳನ್ನೇ ನೋಡಿದರು.

“ಯಾರ್ ಬಡಿ ಅಂದಿದ್ದು ನಿಂಗೆ?”

“ಯಾರೂ ಅನ್ನಲಿಲ್ಲ ತಾತ. ನಾನೇ.”

“ಯಾರೂ ಅನ್ನಲಿಲ್ವಾ?”

“ಇಲ್ಲ.”

ಅಪ್ಪ ಕಲ್ಲುಬೆಂಚಿನ ಮೇಲೆ ಕೂತು, “ಹಂಗಾದ್ರೆ ಬಡಿ,” ಎಂದರು.

ಅವಳು ಬಡಿದಳು. ಪಕ್ಕದ ಮನೆಯವರು ಯಾರೋ ಸತ್ತರೆಂದು ಕಾಂಪೌಂಡಿನ ಮೇಲೆ ಇಣುಕಿದರು. ನಾನು ನಾಚಿ, ಹೆದರಿ, ಏನೂ ಇಲ್ಲವೆಂದು ಕೈಯಲ್ಲಾಡಿಸಿದೆ. ಅಪ್ಪನ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ನಾವೆಲ್ಲ ನೋಡುತ್ತಿದ್ದರೂ ನಿಲ್ಲಲಿಲ್ಲ.

ಹೋಗಬೇಡ ಎಂದು ಮಗಳಿಗೆ ಹೇಳಲು ಬಾಯಿ ತೆರೆದೆ. ಬಂದ ಮಾತು, “ದಾರೀಲಿ ಚರ್ಮ ಸಡಿಲ ಆದ್ರೆ ಏನೇ ಮಾಡ್ತೀಯ?”

ಹೀಗಾಗಿ ಅಜ್ಜಂಪುರದ ಬಸ್ಸಿನಲ್ಲಿ ನಾನೂ ಕೂತಿದ್ದೆ, ಮಡಿಲಲ್ಲಿ ಒಂದು ಕಂತೆ ಹುಲ್ಲು. “ಯಾವ್ ಹಸೂಗ್ರೀ ಮೇಡಂ?” ಎಂದ ಕಂಡಕ್ಟರ್. ಮಗಳು ಕಿಟಕಿ ಕಡೆ ತಿರುಗಿ ನಕ್ಕಳು. ನನ್ನ ಬೆನ್ನು ಎಂದಿನಂತೆ ಕಾಯುತ್ತಿತ್ತು. ಬ್ಯಾಗಿನಲ್ಲಿ ಬೆಂಕಿಪೊಟ್ಟಣ ಇದೆಯೇ ಎಂದು ಮುಟ್ಟಿ ನೋಡಿಕೊಂಡೆ. ಇತ್ತು.

ಬೀರೂರು ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ನೆನಪಾಯಿತು: ಗ್ಯಾಸ್ ಆರಿಸಿದ್ದೆನೇ?

ಇಳಿಯಲಿಲ್ಲ.